ಒಂದು ಮಾತು ಹಿಂದಿದ್ದ ದೀಪ

ನಮ್ಮಕ್ಕನ ತೋಟ ಯಗಟಿಯ ಹತ್ತಿರ. ಮನೆಯ ಹಿತ್ತಲು ದಾಟಿ ರಾಗಿ ಹೊಲದ ಬದುವಿನ ಮೇಲೆ ನಡೆದರೆ ತೆಂಗಿನ ಮರಗಳು, ಅವುಗಳ ನಡುವೆ ಬೋರ್‌ವೆಲ್, ಪಕ್ಕದಲ್ಲಿ ತಗಡಿನ ಪಂಪ್‌ಹೌಸ್. ಮರಗಳೆಲ್ಲ ಅವಳೇ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದಂಥವು. ಭಾವ ಅಜ್ಜಂಪುರದಲ್ಲಿ ಮೇಷ್ಟ್ರು. ತೋಟದ ಕೆಲಸದಲ್ಲಿ ಅವರ ಪಾಲು ಭಾನುವಾರ ಎಳನೀರು ಕುಡಿಯುವುದು.

ಆ ಬೋರ್‌ವೆಲ್ಲಿಗೆ ಒಂದು ಚಾಳಿ ಇದೆ. ಸ್ವಲ್ಪ ಹೊತ್ತು ನೀರು ಕೊಡುತ್ತದೆ, ಕೆಮ್ಮುತ್ತದೆ, ನಿಂತುಬಿಡುತ್ತದೆ. ಆಮೇಲೂ ಮೋಟಾರ್ ಓಡುತ್ತಿದ್ದರೆ ಸುಟ್ಟು ಕೂರುತ್ತದೆ. ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ಮೋಟಾರನ್ನು ಚಾಲೂ ಮಾಡುವುದಕ್ಕೆ ಸ್ಟಾರ್ಟರ್ ಇದೆ. ನೀರು ಬರುತ್ತಿದೆಯೋ ಇಲ್ಲವೋ ನೋಡುವುದಕ್ಕೆ ಅಕ್ಕನೇ ಹೋಗಬೇಕು. ಅವಳಿಗೆ ಮಂಡಿನೋವು. ಕರೆಂಟ್ ಬಂದಾಗಲೆಲ್ಲ ಒಲೆ ಆರಿಸಿ, ಬದುವಿನ ಮೇಲೆ ಕುಂಟಿಕೊಂಡು ಹೋಗಿ, ಪೈಪಿನ ಬಾಯಿ ನೋಡಿ ಬರುತ್ತಿದ್ದಳು. ಮೊಬೈಲಿನಿಂದ ನಡೆಸುವ ಸ್ಟಾರ್ಟರನ್ನೂ ಒಮ್ಮೆ ಹಾಕಿಸಿದ್ದರು. ಆದರೆ ಆ ತೋಟದಲ್ಲಿ ಸಿಗ್ನಲ್ ಬೇಕೆಂದರೆ ತೆಂಗಿನ ಮರ ಹತ್ತಬೇಕು.

ಭಾವ ಒಂದು ದಿನ ತೀರ್ಮಾನ ಹೇಳಿದರಂತೆ. ಇನ್ನು ಈ ಓಡಾಟ ಬೇಡ, ತೋಟವನ್ನು ಗುತ್ತಿಗೆಗೆ ಕೊಡುವುದು, ಸಖರಾಯಪಟ್ಟಣದವರೊಬ್ಬರು ಭಾನುವಾರ ನೋಡಲು ಬರುತ್ತಾರೆ ಎಂದು. ಅಕ್ಕ ನನಗೆ ಫೋನ್ ಮಾಡಿದಳು. ಸಾಮಾನ್ಯವಾಗಿ ಫೋನಿನಲ್ಲಿ ಅವಳ ಗಂಟಲು ಕೇಳಿದರೆ ಪಕ್ಕದ ಅಂಗಡಿಯವರೂ ತಿರುಗಿ ನೋಡುತ್ತಾರೆ. ಅವತ್ತು ಮೆಲ್ಲಗಿತ್ತು.

"ನನ್ ತೋಟಕ್ಕೆ ನಾನೇ ನೆಂಟ್ರ ಥರ ಹೋಗ್ಬೇಕೇನೇ?"

ನನಗೆ ಸಿಟ್ಟು ಬಂತು. ತರೀಕೆರೆಯಲ್ಲಿ ನನ್ನದೊಂದು ರಿಪೇರಿ ಅಂಗಡಿ ಇದೆ. ಮಿಕ್ಸಿ, ಟಿವಿ, ಸ್ಪೀಕರ್ ಎಲ್ಲ ಬಿಚ್ಚುತ್ತೇನೆ. ಹೆಂಗಸು ರಿಪೇರಿ ಮಾಡುತ್ತಾಳಾ ಎಂದು ಬಾಗಿಲಲ್ಲಿ ನಿಂತು ಯೋಚಿಸುವವರನ್ನು ನಾನು ಒಳಗೆ ಕರೆಯುವುದಿಲ್ಲ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ ತಂಗಿ ಇದ್ದೂ ಅಕ್ಕನ ತೋಟ ಕೈಬಿಡುವುದೆಂದರೆ ಏನು ಅರ್ಥ? ನೀರಿದ್ದರೆ ಅಡುಗೆಮನೆಯಲ್ಲಿ ಹಸಿರು ದೀಪ, ನಿಂತರೆ ಕೆಂಪು ದೀಪ, ಒತ್ತಿದರೆ ಮೋಟಾರ್ ನಿಲ್ಲುವ ಒಂದು ಗುಂಡಿ, ಇಷ್ಟು ಮಾಡಿಕೊಡುತ್ತೇನೆ ಎಂದೆ. ತಾನಾಗಿಯೇ ಆರುವಂತೆ ಮಾಡಿದರೆ ಒಂದೊಂದು ಕೆಮ್ಮಿಗೂ ಮೋಟಾರ್ ನಿಂತುಬಿಡುತ್ತದೆ, ಅದಕ್ಕೇ ಗುಂಡಿ ಅಕ್ಕನ ಕೈಯಲ್ಲಿ.

ಎರಡು ಡಬ್ಬಿ ಕಟ್ಟಿದೆ. ಪೈಪಿನಲ್ಲಿ ನೀರಿದೆಯೇ ನೋಡಿ ಹೇಳುವುದಕ್ಕೆ ಒಂದು ಪಂಪ್‌ಹೌಸಿಗೆ, ಅದನ್ನು ಕೇಳಿ ದೀಪ ಉರಿಸುವುದಕ್ಕೆ ಒಂದು ಅಡುಗೆಮನೆಗೆ. ಪ್ರತಿ ಡಬ್ಬಿಯಲ್ಲೂ ಇಬ್ಬರು ಇರುತ್ತಾರೆ ಅಂದುಕೊಳ್ಳಿ. ಲೆಕ್ಕಾಚಾರ ಮಾಡುವ ಬೋರ್ಡು ಯಜಮಾನ. ಉಗುರಿನಷ್ಟು ದೊಡ್ಡ ರೇಡಿಯೋ ಚಿಪ್ಪು ಬಾಗಿಲಲ್ಲಿ ಕುಳಿತ ಆಳು. ಯಜಮಾನ ಏನಾದರೂ ಹೇಳಲು ಬಾಯಿ ತೆರೆದರೆ ಸಾಕು, ಅದೇ ಗಳಿಗೆಯಲ್ಲಿ ಆಳು ಇನ್ನೊಂದು ತಂತಿಯಲ್ಲಿ ತನ್ನ ಪರಿಸ್ಥಿತಿ ಒಪ್ಪಿಸುತ್ತಾನೆ: ಸುದ್ದಿ ಬಂದಿದೆ, ಕಳಿಸಿದ ಸುದ್ದಿ ಮುಟ್ಟಿದೆ, ಎಷ್ಟು ಕೂಗಿದರೂ ಆ ಕಡೆಯವರು ಓಗೊಡಲಿಲ್ಲ, ಹೀಗೆ ಯಾವುದಾದರೊಂದು. ಇದು ಬರೀ ಸ್ಥಿತಿ. ಸುದ್ದಿಯ ಪೊಟ್ಟಣ ಬೇಕಾದರೆ ಬೇರೆಯಾಗಿ ಕೇಳಬೇಕು. ಅಂಥ ಮೂರು ಪೊಟ್ಟಣಗಳನ್ನು ಚಿಪ್ಪು ಮಡಿಲಲ್ಲಿ ಇಟ್ಟುಕೊಂಡಿರಬಲ್ಲದು. ದೂರದ ಡಬ್ಬಿಯಿಂದ ಪೊಟ್ಟಣ ಬಂದ ತಕ್ಷಣ, ಯಜಮಾನನನ್ನು ಕೇಳದೆ, 'ಮುಟ್ಟಿತು' ಎಂದು ತಾನೇ ವಾಪಸ್ ಕೂಗುತ್ತದೆ. ಅಂಗಡಿಯ ಮೇಜಿನ ಮೇಲೆ ಎಲ್ಲ ಚೆನ್ನಾಗಿ ನಡೆಯಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಯಗಟಿಗೆ ಹೋಗಿ ಡಬ್ಬಿಗಳನ್ನು ಕೂರಿಸಿ ಬಂದ ಮಾರನೆಯ ಬೆಳಿಗ್ಗೆಯೇ ಮರ್ಯಾದೆ ಹೋಯಿತು. ಅಡುಗೆಮನೆಯಲ್ಲಿ ಹಸಿರು ದೀಪ ಉರಿಯುತ್ತಿತ್ತಂತೆ. ಅಕ್ಕ ನುಗ್ಗೆಸೊಪ್ಪಿಗೆಂದು ತೋಟಕ್ಕೆ ಹೋದರೆ ಪೈಪಿನ ಬಾಯಿ ಒಣಗಿ, ಮೋಟಾರ್ ಬರಿದೇ ಓಡುತ್ತಿತ್ತು. ಓಡಲಾಗದ ಕಾಲಲ್ಲಿ ಓಡಿ ಆರಿಸಿದಳು. ಭಾವ ಫೋನ್ ತೆಗೆದುಕೊಂಡು ತಣ್ಣಗೆ, "ನಿನ್ ಶ್ರಮ ನಂಗೆ ಗೊತ್ತಾಗುತ್ತಮ್ಮ. ಆದ್ರೆ ಭಾನುವಾರ ಅವರು ಬರ್ಲಿ ಬಿಡು" ಎಂದರು. ಬೈದಿದ್ದರೆ ವಾಸಿಯಾಗಿತ್ತು.

ಎರಡು ದಿನ ತಲೆ ಕೆಡಿಸಿಕೊಂಡೆ. ಪಂಪ್‌ಹೌಸಿನ ಡಬ್ಬಿ ತಪ್ಪು ಮಾಡಿರಲಿಲ್ಲ. ನೀರು ನಿಂತ ಸುದ್ದಿ ಕಳಿಸಿತ್ತು, 'ಮುಟ್ಟಿತು' ಎಂಬ ಉತ್ತರವೂ ಅದಕ್ಕೆ ಬಂದಿತ್ತು. ಮುಟ್ಟಿದ ಸುದ್ದಿ ಎಲ್ಲಿ ಹೋಯಿತು? ಬೇಜಾರಿನಲ್ಲಿ ಅಕ್ಕನಿಗೆ ಫೋನ್ ಮಾಡಿದೆ. ನಮ್ಮ ಕಡೆ ಮೊದಲು ತಿಂಡಿ ವಿಚಾರಿಸದೆ ಕೆಲಸದ ಮಾತು ತೆಗೆದರೆ ಮುಖ ದಪ್ಪ ಮಾಡಿಕೊಳ್ಳುತ್ತಾರೆ. ನನಗೋ ತಾಳ್ಮೆ ಕಡಿಮೆ. ಒಂದೇ ಉಸಿರಿನಲ್ಲಿ ಎರಡನ್ನೂ ಕೇಳಿದೆ.

"ತಿಂಡಿ ಏನ್ ಮಾಡಿದ್ಯೇ? ಮೋಟಾರ್ ಸುಟ್ಟಿಲ್ಲ ತಾನೇ?"

"ಹೂಂ. ಹೂಂ."

"ಏನ್ ಹೂಂ?"

"ಚಿತ್ರಾನ್ನ ಕಣೇ."

"ನಾನ್ ಮೋಟಾರ್ ಕೇಳ್ತಿದೀನಿ."

"ಹೂಂ. ಸುಟ್ಟಿಲ್ಲ ಬಿಡು."

"ಅದ್ನ ಆವಾಗ್ಲೇ ಹೇಳೋಕೆ ಏನಾಗಿತ್ತೇ?"

"ಕೇಳಿಸ್ಕೊಂಡಿದ್ದೆ. ಒಗ್ಗರಣೆ ಇಟ್ಟಿದ್ದೆ ಕಣೇ, ಒಂದೊಂದಾಗಿ ಹೇಳೋಣ ಅಂತ."

ಫೋನ್ ಹಿಡಿದುಕೊಂಡೇ ಕುರ್ಚಿಯಿಂದ ಎದ್ದೆ. ಹೂಂ ಎರಡು ಬಂದಿದ್ದವು, ಉತ್ತರ ಒಂದೇ. ಎರಡನೆಯದು ಒಳಗೇ ಕೂತಿತ್ತು. ಬೋರ್‌ವೆಲ್ ಕೆಮ್ಮುವಾಗ 'ನೀರು ಬಂತು', 'ನೀರು ನಿಂತಿತು' ಎಂಬ ಎರಡು ಪೊಟ್ಟಣಗಳು ಬೆನ್ನಿಗೆ ಬೆನ್ನು ಬಂದಿರಬೇಕು. ಅಡುಗೆಮನೆಯ ಚಿಪ್ಪು ಎರಡಕ್ಕೂ 'ಮುಟ್ಟಿತು' ಎಂದಿದೆ. ನಾನು ಬರೆದ ಪ್ರೋಗ್ರಾಂ ಮಾತ್ರ 'ಸುದ್ದಿ ಬಂದಿದೆ' ಎಂಬ ಸ್ಥಿತಿ ನೋಡಿ, ಒಂದೇ ಪೊಟ್ಟಣ ಎತ್ತಿಕೊಂಡು, ಆ ಗುರುತನ್ನು ಒರೆಸಿ ಸುಮ್ಮನಾಗಿದೆ. ಇನ್ನೊಂದು ಚಿಪ್ಪಿನ ಮಡಿಲಲ್ಲೇ ಉಳಿದಿದೆ. ದೀಪ ಸುಳ್ಳು ಹೇಳಿರಲಿಲ್ಲ, ಒಂದು ಮಾತು ಹಿಂದಿತ್ತು.

"ಅಕ್ಕಾ, ಭಾನುವಾರ ಬತ್ತೀನಿ" ಎಂದು ಫೋನ್ ಇಟ್ಟೆ.

ತಿದ್ದಿದ್ದು ಎರಡೇ ಕಡೆ. ಸುದ್ದಿ ಬಂದಿದೆ ಎಂದರೆ ಮಡಿಲು ಖಾಲಿಯಾಗುವ ತನಕ ಎಲ್ಲ ಪೊಟ್ಟಣಗಳನ್ನೂ ಎತ್ತಿಕೊಳ್ಳಬೇಕು, ಕೊನೆಯದನ್ನೇ ನಂಬಬೇಕು. ಪಂಪ್‌ಹೌಸ್ ಕೂಡ ಏನಾದರೂ ಬದಲಾದಾಗ ಮಾತ್ರ ಬಾಯಿ ಬಿಡದೆ, ಆಗಾಗ ತನ್ನ ಸ್ಥಿತಿ ಹೇಳುತ್ತಿರಬೇಕು. ಅದು ದನಿ ಎತ್ತದಿದ್ದರೆ ದೀಪ ಕೆಂಪಾಗಬೇಕು. ಮುಟ್ಟಿತು ಎಂದ ಮಾತ್ರಕ್ಕೆ ಓದಿದ ಹಾಗಾಗುವುದಿಲ್ಲ ಎಂದು ಪುಸ್ತಕದಲ್ಲಿ ಬರೆದಿರುತ್ತಾರೆ. ನಾನೂ ಓದಿದ್ದೆ.

ಭಾನುವಾರ ಕಡೂರಿನಲ್ಲಿ ಬಸ್ಸು ಬದಲಿಸಿ ಯಗಟಿಗೆ ಹೋಗಿ, ಡಬ್ಬಿಗಳಿಗೆ ಹೊಸ ಪ್ರೋಗ್ರಾಂ ತುಂಬಿದೆ. ಕೈ ಒರೆಸಿಕೊಳ್ಳುವಷ್ಟರಲ್ಲಿ ಸಖರಾಯಪಟ್ಟಣದವರು ಬಂದರು. ಒಳ್ಳೆಯ ಮನುಷ್ಯರು, ಅದೇ ನನಗೆ ತಾಪತ್ರಯ. ಜಗಳ ಆಡುವ ಹಾಗೂ ಇಲ್ಲ. ನಡುಮನೆಯಲ್ಲಿ ಭಾವ ಅವರಿಗೆ ಕಾಫಿ ಕೊಡುತ್ತಿದ್ದಾಗ ಕರೆಂಟ್ ಬಂತು. ಅಕ್ಕ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕಾಲು ಚಾಚಿ ಕುಳಿತು ಕಡಲೆಕಾಯಿ ಬಿಡಿಸುತ್ತಿದ್ದಳು. ಹಸಿರು ದೀಪ ಬಂತು. ನಾನು ಅದನ್ನೇ ನೋಡುತ್ತ ನಿಂತೆ. ಕಾಫಿ ಲೋಟ ಖಾಲಿಯಾಗುವಷ್ಟರಲ್ಲಿ ದೀಪ ಕೆಂಪಾಯಿತು. ಅಕ್ಕ ಸೆರಗಿಗೆ ಬೆರಳು ಒರೆಸಿಕೊಂಡು ಗುಂಡಿ ಒತ್ತಿದಳು.

"ಮೋಟಾರ್ ನಿಂತಿದೆ, ನೋಡ್ಕೊಂಡ್ ಬನ್ರೀ" ಎಂದು ಕೂತಲ್ಲಿಂದಲೇ ಭಾವನಿಗೆ ಹೇಳಿದಳು.

ಭಾವ ಬಂದವರನ್ನೂ ಕರೆದುಕೊಂಡು ಹೋದರು. ಬದುವಿನ ಮೇಲೆ ಪಂಚೆ ಎತ್ತಿಕೊಂಡು ಹೋಗುವ ಅವರನ್ನು ಕಿಟಕಿಯಿಂದ ನೋಡುತ್ತಾ ಅಕ್ಕ ಬಾಯಿಗೊಂದು ಕಡಲೆಕಾಯಿ ಹಾಕಿಕೊಂಡಳು. ವಾಪಸ್ ಬಂದವರು ಮೋಟಾರ್ ನಿಂತಿದೆ ಎಂದರು. ಭಾವ ದೀಪ ನೋಡಿದರು, ಸ್ಟೂಲಿನ ಮೇಲೆ ಚಾಚಿದ ಅಕ್ಕನ ಕಾಲನ್ನೂ ನೋಡಿದರು. ಆಮೇಲೆ ಸಖರಾಯಪಟ್ಟಣದವರ ಕಡೆ ತಿರುಗಿ, "ತಪ್ಪು ತಿಳ್ಕೋಬೇಡಿ. ತೋಟ ನಮ್ಮನೆಯವ್ರೇ ನೋಡ್ಕೋತಾರೆ" ಎಂದರು. ಅವರು ತಪ್ಪು ತಿಳಿಯಲಿಲ್ಲ. ಊಟ ಮಾಡಿಕೊಂಡೇ ಹೊರಟರು.

ಬಿಸಿಲು ಇಳಿದ ಮೇಲೆ ಅಕ್ಕ ಗೋಡೆ ಹಿಡಿದು ಎದ್ದಳು. ಹಿತ್ತಲ ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ತೋಟದ ಕಡೆ ಹೊರಟಳು. ನನಗೆ ರೇಗಿತು.

"ಕೂತಲ್ಲೇ ಎಲ್ಲ ಗೊತ್ತಾಗ್ಲಿ ಅಂತ ಅಷ್ಟು ಒದ್ದಾಡಿ ಮಾಡಿದೀನಿ. ಮತ್ತೆ ಹೊರಟ್ಯಲ್ಲೇ."

ಅವಳು ಬದುವಿನ ಮೇಲೆ ನಿಂತು ತಿರುಗಿದಳು.

"ಇಷ್ಟ್ ದಿನ ಕರೆಂಟ್ ಕರೀತಿತ್ತು, ಹೋಗ್ತಿದ್ದೆ. ಇವತ್ತು ಯಾರೂ ಕರೆದಿಲ್ಲ ಕಣೇ. ನಂಗೇ ಹೋಗ್ಬೇಕು ಅನ್ಸ್ತು."

ಕುಂಟುತ್ತಾ, ನಿಂತು ನಿಂತು, ಯಾವ ಅವಸರವೂ ಇಲ್ಲದೆ ಮರಗಳ ಕಡೆ ನಡೆದಳು.