ಏಳನೆಯ ಓಣಿಯ ಕಲ್ಲಯ್ಯ

ನವೆಂಬರ್ ೧೭, ಸೋಮವಾರ. ಬೆಳಿಗ್ಗೆ ದಟ್ಟ ಮಂಜು. ಹತ್ತರ ನಂತರ ಬಿಸಿಲು. ದೇಸೂರಿನ ನಮ್ಮ ಗೋದಾಮಿನಲ್ಲಿ ಸರಕು ಎತ್ತಿಡುವ ಫೋರ್ಕ್‌ಲಿಫ್ಟ್ ನಡೆಸುವ ಕಲ್ಲಯ್ಯನವರು ಯಂತ್ರವನ್ನೂ “ಬರ್ರಿ, ಹೋಗೂಣು” ಎಂದು ಕರೆದೇ ಹತ್ತುವವರು. ಖಾಲಿ ತಿರುವಿನಲ್ಲೂ ಹಾರ್ನ್ ಬಾರಿಸುತ್ತಾರೆ. ಚಹಾದಂಗಡಿಯ ಬೆಂಚಿನಿಂದ ಏಳುವಾಗಲೂ ಮೊದಲು ಹೆಗಲ ಮೇಲಿಂದ ಹಿಂದೆ ನೋಡಿಕೊಳ್ಳುತ್ತಾರೆ. ಎರಡೂ ಬದಿಗೆ ನಾಲ್ಕು ಬೆರಳಷ್ಟೇ ಜಾಗವಿರುವ ರ‍್ಯಾಕುಗಳ ಓಣಿಗಳಲ್ಲಿ ಹನ್ನೊಂದು ವರ್ಷ ಅವರ ಸರಕಿನ ಹಲಗೆ, ಪ್ಯಾಲೆಟ್, ಒಂದು ಕಂಬಕ್ಕೂ ತಾಗಿಲ್ಲ. ಎತ್ತಿದ ಸರಕು ಕಣ್ಣಿಗೆ ಅಡ್ಡವಾಗುವುದರಿಂದ, ಇಲ್ಲಿಯೇ ಕೆಲಸಕ್ಕಿದ್ದ ಅವರ ಹೆಂಡತಿ ಶಿವಲಿಂಗವ್ವ ಹಳೆಯ ಲಟ್ಟಣಿಗೆಯಿಂದ ಕಂಬಕ್ಕೆ ಬಡಿದು ದಾರಿ ತೋರಿಸುತ್ತಿದ್ದರು: ಒಂದು ಸಲ ಬಡಿದರೆ ಮುಂದೆ ಬರಬೇಕು, ಎರಡು ಸಲ ಬಡಿದರೆ ಇಳಿಸಬೇಕು. ಅವರು ಜ್ವರದಿಂದ ತೀರಿಕೊಂಡು ಎರಡು ತಿಂಗಳಾಯಿತು. ಲಟ್ಟಣಿಗೆ ಅವರೊಡನೆಯೇ ಮಣ್ಣು ಸೇರಿತು. ಈಗ ಯಂತ್ರಕ್ಕೆ ಕ್ಯಾಮೆರಾ ಇದೆ. ಆದರೂ ಕಲ್ಲಯ್ಯನವರು ಸರಕನ್ನು ಎತ್ತಿ ಹಿಡಿದು ಆ ಸದ್ದಿಗಾಗಿ ಕಾಯುತ್ತಾರೆ. ಹೊರಗೆ ಲಾರಿಗಳು ಸಾಲುಗಟ್ಟುತ್ತವೆ. ಇಂದು ಮ್ಯಾನೇಜರ್ ವಿನಯ, “ಇನ್ನೊಮ್ಮಿ ಹಿಂಗ ನಿಂತ್ರ ಗಾಡಿ ಬ್ಯಾರೇದವ್ರಿಗೆ ಕೊಡ್ತೀನ್ರೀ ಕಾಕಾ,” ಎಂದರು. ಮಧ್ಯಾಹ್ನ ಏಳನೆಯ ಓಣಿಯಲ್ಲಿ ಯಂತ್ರ ಮತ್ತೆ ನಿಂತಿತು. ದಾಸ್ತಾನಿನ ಪಟ್ಟಿ ಹಿಡಿದಿದ್ದ ನಾನು ಹತ್ತಿರ ಹೋಗಿ, ಪೆನ್ನಿನಿಂದ ಕಂಬಕ್ಕೆ ಎರಡು ಸಲ ಬಡಿದೆ. ಪ್ಯಾಲೆಟ್ ಮೆಲ್ಲಗೆ ಇಳಿದು ಕುಳಿತಿತು. “ಆಕಿ ಇನ್ನಾ ಜೋರ ಬಡೀತಿದ್ಲರೀ,” ಎಂದರು ಕಲ್ಲಯ್ಯನವರು, ನನ್ನ ಕಡೆ ನೋಡದೆ. ಇಂದಿನ ಖರ್ಚು: ಚಹಾ ಎರಡು, ಇಪ್ಪತ್ತು ರೂಪಾಯಿ, ಸಂಜೆ ಖಾನಾಪುರ ಪೇಟೆಯಲ್ಲಿ ಲಟ್ಟಣಿಗೆ ಒಂದು, ಎಂಬತ್ತು.