ಕಾಕಾ ಕೇಳದೆ ಉಳಿಸಿಕೊಂಡ ಪ್ರಶ್ನೆ

ಖಂಡೇನವಮಿ ದಿನ ವಳಸಂಗದ ನಮ್ಮ ಮನೆಯಲ್ಲಿ ದುಡಿಯುವ ಸಾಮಾನೆಲ್ಲ ದೇವರ ಮುಂದೆ ಕೂರುತ್ತದೆ. ಕುರಿಯ ತುಪ್ಪಟ ತೆಗೆಯುವ ಕತ್ತರಿ, ಕುಡುಗೋಲು, ಕೊಡಲಿ, ಅಪ್ಪ ಮಗ್ಗದ ಕಾರ್ಖಾನೆಯಲ್ಲಿದ್ದಾಗ ನಟ್ಟು ಬಿಗಿಯಲು ಬಳಸಿದ ಪಾನಾ. ಆ ವರ್ಷ ನಾನು ಸ್ನಾನ ಮುಗಿಸಿ ಬಂದು ನೋಡಿದರೆ ಅವುಗಳ ಸಾಲಿನಲ್ಲಿ ನನ್ನ ವೈರಸ್ಸೂ ಕೂತಿತ್ತು, ಮೈತುಂಬ ಭಂಡಾರದ ಅರಿಶಿನ ಬಳಿದುಕೊಂಡು.

ಪುಣೆಯ ಒಂದು ಪ್ರಯೋಗಾಲಯದಲ್ಲಿ ಹೆಪಟೈಟಿಸ್ ಸಿ ವೈರಸ್ಸಿನ ಹೊರಮೈಯ ಪ್ರೋಟೀನು ಹೇಗಿದೆ ಎಂದು ನೋಡುವುದು ನನ್ನ ಕೆಲಸ. ಆಕಾರ ತಿಳಿದರೆ ಎಲ್ಲಿ ಹಿಡಿಯಬೇಕೆಂದು ತಿಳಿಯುತ್ತದೆ, ಅದರಿಂದ ಲಸಿಕೆ ಕಟ್ಟಬಹುದು. ಆ ಪ್ರೋಟೀನನ್ನು ಮುಷ್ಟಿಗಾತ್ರಕ್ಕೆ ಹಿಗ್ಗಿಸಿ ಪ್ಲಾಸ್ಟಿಕ್ಕಿನಲ್ಲಿ ಮಾಡಿದ ಮಾದರಿಯನ್ನು ಊರಿಗೆ ತಂದಿದ್ದೆ. ಹಿಂದಿನ ರಾತ್ರಿ ಗೂಡಿನಲ್ಲಿಟ್ಟಿದ್ದನ್ನು ಅಪ್ಪನ ತಮ್ಮ, ನನ್ನ ಕಾಕಾ ನೋಡಿ, ಹುಡುಗಿಯ ಕಸುಬಿನ ಸಾಮಾನು ಇದೇ ಇರಬೇಕೆಂದು ಪೂಜೆಗೆ ಇಟ್ಟುಬಿಟ್ಟಿದ್ದರು.

ನಗು ಬಂತು, ಜೊತೆಗೆ ಸಿಟ್ಟೂ ಬಂತು. ಕಾಕಾ ಮೇಲೆ ನನಗೆ ಎಂಟು ತಿಂಗಳಿನಿಂದ ಸಿಟ್ಟಿತ್ತು. ಆ ವರ್ಷದ ಮೊದಲಿಗೆ ಹರ್ನಿಯಾ ಆಪರೇಶನ್ನಿಗೆ ಮುಂಚೆ ರಕ್ತ ನೋಡಿದಾಗ ಅಪ್ಪನಿಗೆ ಇದೇ ರೋಗವಿರುವುದು ಗೊತ್ತಾಯಿತು. ಮೂರು ತಿಂಗಳು ಗುಳಿಗೆ ನುಂಗಿ ಅಪ್ಪ ಪೂರ್ತಿ ಗುಣವಾದರು. ಹರೆಯದಲ್ಲಿ ಅಣ್ಣತಮ್ಮ ಇಬ್ಬರಿಗೂ ಒಟ್ಟಿಗೆ ಜ್ವರ ಬಂದಾಗ, ಊರೂರು ತಿರುಗುವ ಸೂಜಿಯವನೊಬ್ಬ ಒಂದೇ ಸೂಜಿಯಲ್ಲಿ ಇಬ್ಬರಿಗೂ ಚುಚ್ಚಿದ್ದನಂತೆ. ತಮ್ಮನ ರಕ್ತವನ್ನೂ ನೋಡಿಸಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಕಾಕಾ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ನಾನು ಫೋನಿನಲ್ಲಿ ಯಕೃತ್ತು ಕಲ್ಲಾಗುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ ಎಂದು ಪಾಠ ಒಪ್ಪಿಸುತ್ತಿದ್ದೆ. ಅವರು ಕುರಿಯ ಸುದ್ದಿ ಹೇಳಿ ಇಟ್ಟುಬಿಡುತ್ತಿದ್ದರು.

"ಕಾಕಾ, ಅದು ಹತ್ಯಾರ ಅಲ್ಲರಿ. ಅಪ್ಪಗ ಬಂದಿತ್ತಲ್ಲ, ಆ ರೋಗದ ಮೈ ಅದು," ಎಂದೆ.

ಅವರು ಬೆಚ್ಚುತ್ತಾರೆಂದುಕೊಂಡಿದ್ದೆ. ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಮಾದರಿಯ ಮೇಲೆಲ್ಲ ಸಣ್ಣ ಸಣ್ಣ ಕುಚ್ಚುಗಳಿದ್ದವು.

"ಇದೇನ ಯವ್ವಾ, ತುಪ್ಪಟ ಇದ್ದಂಗ ಐತಿ?"

"ಸಕ್ರಿಯಂಥಾದ್ದು ಅದು. ರೋಗ ಅದನ್ನ ಹೊದ್ಕೊಂಡು ಕುಂದರತೈತಿ. ನಮ್ಮ ಮೈಯಾಗಿನ ಕಾವಲಗಾರರಿಗೆ ಗುರ್ತ ಸಿಗಂಗಿಲ್ಲ."

ಐವತ್ತು ವರ್ಷ ಕುರಿಯ ಮೈ ತಡವಿದ ಬೆರಳು ಸುಮ್ಮನಿರಲಿಲ್ಲ. ಕುಚ್ಚುಗಳನ್ನು ಸರಿಸುತ್ತ ಹೋಗಿ ಒಂದು ಕಡೆ ನಿಂತಿತು. "ಇಲ್ಲೆ ಬೋಳ ಐತಿ ನೋಡು. ಕುರಿಗಿ ಸೂಜಿ ಹಾಕೂದೂ ಇಂಥಾ ಜಾಗಾದಾಗ."

ಯಕೃತ್ತಿನ ಜೀವಕೋಶವನ್ನು ವೈರಸ್ಸು ಹಿಡಿಯುವುದು ಅದೇ ಜಾಗದಿಂದ. ಅದೊಂದು ತುಣುಕನ್ನು ಅಲುಗಾಡದಂತೆ ಕಟ್ಟಿ ದೇಹಕ್ಕೆ ಮೊದಲೇ ತೋರಿಸಿಬಿಟ್ಟರೆ, ನಿಜವಾದದ್ದು ಬಂದಾಗ ದೇಹ ಗುರುತು ಹಿಡಿದೀತು ಎಂಬುದು ನಮ್ಮ ಲೆಕ್ಕಾಚಾರ. ನಾವು ಕಟ್ಟುತ್ತೇವೆ, ಅದು ಸಡಿಲಾಗುತ್ತದೆ, ಮತ್ತೆ ಕಟ್ಟುತ್ತೇವೆ. ಮೂರು ವರ್ಷವಾಯಿತು, ನನಗೆ ಇನ್ನೂ ಬೇಸರ ಬಂದಿಲ್ಲ. ಇದನ್ನೆಲ್ಲ ಕಾಕಾಗೆ ಹೇಳಿದೆ. ಯಾರಾದರೂ ಕೇಳುವವರು ಸಿಕ್ಕರೆ ನನ್ನ ಬಾಯಿ ನಿಲ್ಲುವುದಿಲ್ಲ.

ಅವರು ಮಾದರಿಯನ್ನು ಕೆಳಗಿಟ್ಟು ಅಂಗೈ ನೋಡಿಕೊಂಡರು.

"ಇದು ಕೈಯಿಂದ ಕೈಗಿ ಹೋಗತೈತೇನ?"

"ಇಲ್ಲರಿ. ರಕ್ತಕ್ಕ ರಕ್ತ ಕೂಡಬೇಕು."

"ಭಂಡಾರ ಹಚ್ಚಿದ್ರ?"

ಕಾಕಾ ನಮ್ಮೂರ ಬೀರೋಬಾನ ಪೂಜಾರಿ. ಪ್ರತಿ ರವಿವಾರ ಬಂದವರ ಹಣೆಗೆಲ್ಲ ಭಂಡಾರ ಹಚ್ಚುವ ಕೈ ಅವರದು. ರೋಗ ಇದೆ ಎಂದು ಕಾಗದದಲ್ಲಿ ಬಂದುಬಿಟ್ಟರೆ ಆ ಕೈಯನ್ನು ಜನ ದೂರ ಇಡುತ್ತಾರೆ ಎಂಬ ಹೆದರಿಕೆಯನ್ನು ಎಂಟು ತಿಂಗಳು ನುಂಗಿಕೊಂಡಿದ್ದರು. ವೈರಸ್ಸಿನ ಮೈಯ ಮೂಲೆ ಮೂಲೆ ಬಲ್ಲ ನಾನು, ಕಾಕಾ ನಿಮಗೆ ಯಾತರ ಹೆದರಿಕೆ ಎಂದು ಒಮ್ಮೆಯೂ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು.

"ಎಷ್ಟು ಹಚ್ಚಿದ್ರೂ ಏನೂ ಆಗಂಗಿಲ್ಲರಿ," ಎಂದೆ.

ದಸರಾ ಮುಗಿದ ಮಾರನೆಯ ದಿನ ರಕ್ತ ನೋಡಿಸಲು ಸೊಲ್ಲಾಪುರಕ್ಕೆ ಹೋದೆವು. ಹತ್ತಿರದ ಅಕ್ಕಲಕೋಟೆ ಬೇಡ, ಅಲ್ಲಿ ಸಂತೆಗೆ ಬರುವವರೆಲ್ಲ ಗುರುತಿನವರು ಎಂದು ಕಾಕಾ ಹೇಳಿದ್ದರು. ಹೊಸ ಸೂಜಿಯ ಪೊಟ್ಟಣ ತಮ್ಮ ಕಣ್ಣೆದುರೇ ಒಡೆಯಬೇಕೆಂದು ಹಟ ಹಿಡಿದು, ಆಮೇಲೆ ತೋಳು ಚಾಚಿದರು. ವರದಿಯಲ್ಲಿ ರೋಗ ಇತ್ತು. ಯಕೃತ್ತು ಇನ್ನೂ ಚೆನ್ನಾಗಿದೆ, ಗುಳಿಗೆ ಸಾಕು ಎಂದರು ಡಾಕ್ಟರು. ಗುಣವಾದ ಮೇಲೆ ಮತ್ತೆ ಬರಬಹುದೇ ಎಂದು ಕಾಕಾ ಕೇಳಿದರು. ಬರಬಹುದು, ಅದಕ್ಕೇ ಲಸಿಕೆ ಬೇಕಾಗಿರುವುದು ಎಂದು ನಾನು ಹೇಳಿದೆ.

"ಹಂಗಾರ ಲಗೂನ ಮಾಡವಾ," ಎಂದರು, ಎರಡು ಕಂಬಳಿ ನೇಯಲು ಹೇಳುವವರ ಹಾಗೆ.

ಯಾರಿಗೂ ಹೇಳುವುದು ಬೇಡ ಎಂದು ಅಪ್ಪ ಸೂಚಿಸಿದರು. ಕಾಕಾ ತಲೆಯಾಡಿಸಿದ್ದರಿಂದ ಒಪ್ಪಿದರೆಂದೇ ಎಲ್ಲರೂ ತಿಳಿದೆವು. ರವಿವಾರ ಗುಡಿಯ ಕಟ್ಟೆಯ ಮೇಲೆ ನಿಂತು, ಆರತಿ ಮುಗಿದೊಡನೆ ಅವರೇ ಹೇಳಿಬಿಟ್ಟರು.

"ನನ್ನ ರಕ್ತದಾಗ ಕಾವೀಳಿ, ಕಾಮಾಲಿ ರೋಗ ಐತಿ. ಔಷಧ ಸುರು ಮಾಡೀನಿ. ಭಂಡಾರದಿಂದ ಯಾರಿಗೂ ಬರಂಗಿಲ್ಲ ಅಂತ ಅಣ್ಣನ ಮಗಳು ನೋಡಿ ಹೇಳ್ಯಾಳ. ಬ್ಯಾಡನ್ನಾವ್ರು ದೂರಿಂದ ಕೈಮುಗೀರಿ, ನನಗೇನೂ ಬ್ಯಾಸರಿಲ್ಲ."

ಚಿಟಿಕೆ ಭಂಡಾರ ಹಿಡಿದ ಕೈ ಚಾಚಿಯೇ ಇತ್ತು. ಯಾರೂ ಕದಲಲಿಲ್ಲ. ಈಗ ಅವರು ನಿಂತಿದ್ದು ನನ್ನ ಮಾತಿನ ಮೇಲೆ. ಕಡೆಗೆ ಹಿಂದಿನಿಂದ ಒಬ್ಬ ಬಾಣಂತಿ ಜನರನ್ನು ಸರಿಸಿಕೊಂಡು ಬಂದಳು. ಸೆರಗಿನೊಳಗಿನ ಕೂಸನ್ನು ಹೊರತೆಗೆದು, ಅದರ ಹಣೆಯನ್ನು ಕಾಕಾನ ಕೈಗೆ ಒಡ್ಡಿದಳು.