ಗಂಗೊಳ್ಳಿ ಕಾಯಿಯ ಅಳತೆಯ ಕುಲಾವಿ

ಬಾಡಿಗೆ ಮನೆ ನೋಡಲು ಅಜ್ಜಂಪುರದ ಆ ಜಗಲಿ ಹತ್ತಿದಾಗ ನನಗೆ ಮೊದಲು ಕಂಡದ್ದು ಟೋಪಿ ಹಾಕಿಕೊಂಡ ತೆಂಗಿನಕಾಯಿಗಳು. ಸುಲಿದ ಕಾಯಿಗಳನ್ನು ಹಲಗೆಯ ಮೇಲೆ ಸಾಲಾಗಿ ಕೂರಿಸಿ, ಒಂದೊಂದಕ್ಕೂ ಬಣ್ಣದ ಉಲ್ಲನ್ ಟೋಪಿ ತೊಡಿಸಿ, ಇಲ್ಲದ ಗಲ್ಲದ ಕೆಳಗೆ ಲಾಡಿ ಕಟ್ಟಿದ್ದರು. ಹೊರಗೆ ಏಪ್ರಿಲ್ ತಿಂಗಳ ಬಿಸಿಲು. ಸುತ್ತ ಕೂತ ಹೆಂಗಸರು ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ ಉಲ್ಲನ್ ಹೆಣೆಯುತ್ತಿದ್ದರು. ಗಂಗೊಳ್ಳಿಯಲ್ಲಿ ಹುಟ್ಟಿದ ನನಗೆ ತೆಂಗಿನಕಾಯಿ ಎಂದರೆ ಮೀನು ಸಾರಿಗೆ ಅರೆಯುವ ವಸ್ತು. ಬ್ಯಾಂಕಿನವರು ನನ್ನನ್ನು ಹುಚ್ಚರ ಊರಿಗೆ ವರ್ಗ ಮಾಡಿದ್ದಾರೆ ಅನ್ನಿಸಿತು.

"ಕುಲಾವಿ ಕಣಮ್ಮ," ಎಂದರು ಮನೆಯ ಒಡತಿ ಗಿರಿಜಮ್ಮ. "ನಿಮ್ ಕಡೆ ಹಾಕಲ್ವಾ?"

ಕುಲಾವಿ ಎಂದರೆ ಎಳೆಗೂಸಿನ ಕಿವಿ ಮುಚ್ಚಿ ಗಲ್ಲದ ಕೆಳಗೆ ಕಟ್ಟುವ ಟೋಪಿ. ಗಂಗೊಳ್ಳಿಯ ಸೆಕೆಯಲ್ಲಿ ಅದನ್ನು ತೊಡಿಸಿದರೆ ಕೂಸು ಇಡ್ಲಿಯಂತೆ ಬೇಯುತ್ತದೆ. ಇಲ್ಲಿ ಅದನ್ನು ಹೆಣೆಯುವುದಕ್ಕೆ ಒಂದು ಬಳಗವೇ ಇದೆ. ಶಿವನಿಯಿಂದ ರೈಲು ಹತ್ತಿ ಬರುವವರು, ತರೀಕೆರೆಯಿಂದ ಬಸ್ಸಿಗೆ ಬರುವವರು, ಎಲ್ಲ ಭಾನುವಾರ ಗಿರಿಜಮ್ಮನವರ ಜಗಲಿಯಲ್ಲಿ ಸೇರಿ ಪರಂಪರೆ ಉಳಿಸುತ್ತಾರೆ. ಉಳಿಸುವ ಮೊದಲು ಪ್ರಾರ್ಥನೆ, ಸ್ವಾಗತ ಭಾಷಣ, ಫೋಟೊ. ಆಮೇಲೆ ಉಪ್ಪಿಟ್ಟು. ಕಡ್ಡಿ ಕೈಗೆ ಬರುವ ಹೊತ್ತಿಗೆ ಅರ್ಧ ಮಂದಿ ಬಸ್ಸಿಗೆ ಹೊತ್ತಾಯಿತು ಎಂದು ಏಳುತ್ತಾರೆ. ಉಲ್ಲನ್ ಕಡೂರಿನ ಅಂಗಡಿಯದು, ಕುರಿಯ ಮುಖವನ್ನೇ ಕಾಣದ್ದು. ಅದನ್ನು ಎತ್ತಿ ಹಿಡಿದು "ಇದು ನಮ್ಮಜ್ಜಿ ಕಾಲದ್ದು" ಎನ್ನುವಾಗ ಅಲ್ಲಿ ಯಾರಿಗೂ ನಗು ಬರುವುದಿಲ್ಲ.

ನನಗೆ ಬರುತ್ತಿತ್ತು. ನನ್ನ ಅಪ್ಪ ಜೀವನವಿಡೀ ಬಲೆ ಹೆಣೆದವನು. ಅವನ ಬೆರಳುಗಳ ಸಂದಿಯಲ್ಲಿ ನೂಲು ಕೊರೆದ ಗಾಯ ಮಾಯುತ್ತಲೇ ಇರಲಿಲ್ಲ. ಅವನಿಗೆ ಯಾರೂ ಶಾಲು ಹೊದೆಸಲಿಲ್ಲ, ಅವನ ಗಂಟನ್ನು ಪರಂಪರೆ ಎಂದು ಕರೆಯಲಿಲ್ಲ. ಬಲೆ ಹರಿದರೆ ಮನೆಯಲ್ಲಿ ಅನ್ನವಿಲ್ಲ, ಅಷ್ಟೇ. ಹೊಟ್ಟೆ ತುಂಬಿದವರು ಮಧ್ಯಾಹ್ನ ಕೂತು ತೆಂಗಿನಕಾಯಿಗೆ ಟೋಪಿ ಹಾಕುವುದನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು.

ಆದರೂ ಆ ಮನೆಯಲ್ಲೇ ಉಳಿದೆ. ಬ್ಯಾಂಕಿಗೆ ಹತ್ತಿರ ಸಿಕ್ಕ ಮನೆ ಅದೊಂದೇ. ಗಂಡ ಊರಿನಲ್ಲೇ ಮೀನಿನ ಬೋಟಿಗೆ ಹೋಗುತ್ತಿದ್ದರು, ಬಿಡುವಾದಾಗ ಬರುತ್ತಿದ್ದರು. ಮೀನು ಬೇಯಿಸಬಾರದು ಎಂಬುದು ಗಿರಿಜಮ್ಮನವರ ಷರತ್ತು. ಇಲ್ಲಿನ ಮುದ್ದೆ ನನ್ನ ಗಂಟಲಿನಲ್ಲಿ ಇಳಿಯಲಿಲ್ಲ, ಇಲ್ಲಿನ ಬಿಳಿ ಅನ್ನ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಊರಿಗೆ ಹೋದಾಗಲೆಲ್ಲ ಕುಚ್ಚಲಕ್ಕಿ, ನಮ್ಮ ಮರದ ಕಾಯಿ ಹೊತ್ತು ತರುತ್ತಿದ್ದೆ. ಸಂಜೆ ಮಾತಾಡಲು ಯಾರೂ ಇಲ್ಲದೆ ಕಾಯಿ ತುರಿಯುತ್ತ ಕೂತು ಅತ್ತದ್ದೂ ಉಂಟು.

ಮರುವರ್ಷ ನಾನು ಬಸುರಿಯಾದಾಗ ಗಿರಿಜಮ್ಮ ಅಡುಗೆಮನೆಗೆ ಬಂದು ನನ್ನ ಕಾಯಿಗಳಲ್ಲಿ ಒಂದನ್ನು ಎತ್ತಿಕೊಂಡು ಹೋದರು. ಚಟ್ನಿಗೆ ಇರಬೇಕು ಎಂದುಕೊಂಡೆ. ಕುಲಾವಿಯ ಅಳತೆಗೆ ತಾಯಿಯ ತವರಿನ ಕಾಯಿಯೇ ಆಗಬೇಕು ಎಂಬುದು ಈ ಬಳಗದ ಶಾಸ್ತ್ರವೆಂದು ಆಮೇಲೆ ತಿಳಿಯಿತು. ಇವರ ಸೊಸೆಯರ ತವರೆಲ್ಲ ಇಲ್ಲೇ ಸುತ್ತಲಿನ ಹಿರೇನಲ್ಲೂರು, ಬುಕ್ಕಾಂಬುಧಿ. ಅಲ್ಲಿನ ಕಾಯಿಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರ, ಕೂಸಿನ ತಲೆಗೆ ಸರಿಹೋಗುವಂಥವು. ನಮ್ಮ ಮನೆಯ ಹಿಂದಿನ ಮರದ ಕಾಯಿಯೋ, ಎರಡು ಕೈಯಲ್ಲಿ ಹಿಡಿಯಬೇಕು. ಅದನ್ನು ಹಲಗೆಯ ಮೇಲಿಟ್ಟು ಅಷ್ಟೂ ಜನ ಸರದಿಯಲ್ಲಿ ಹೆಣೆದರು. ಇಷ್ಟು ದೊಡ್ಡ ತಲೆ ಯಾವ ಕೂಸಿಗಿರುತ್ತದೆ ಎಂದು ಒಬ್ಬರೂ ಕೇಳಲಿಲ್ಲ.

ಹೆರಿಗೆಗೆ ಊರಿಗೆ ಹೋಗುವ ಮೊದಲೇ ನೋವು ಬಂತು. ಡಿಸೆಂಬರಿನ ಚಳಿ, ಇಲ್ಲಿಯವರ ಮಾತಿನಲ್ಲಿ ಥಂಡಿ. ತರೀಕೆರೆಯ ಆಸ್ಪತ್ರೆಯಲ್ಲಿ ಮಗ ದಿನ ತುಂಬದೆ ಹುಟ್ಟಿದ, ಬಂಗುಡೆ ಮೀನಿನಷ್ಟು. ಮೈ ಬಿಸಿ ನಿಲ್ಲದಿದ್ದರೆ ಕಷ್ಟ ಎಂದು ಡಾಕ್ಟರು ಹೇಳಿ ಅವನನ್ನು ಬಿಸಿ ಕೊಡುವ ದೀಪದ ಕೆಳಗೆ ಮಲಗಿಸಿದರು.

ಬಳಗದವರು ಕುಲಾವಿ ಹಿಡಿದು ಬಂದರು. ನರ್ಸಮ್ಮ ತೊಡಿಸಿ ನೋಡಿದರೆ ಅದು ಮಗನ ಗಲ್ಲದವರೆಗೂ ಇಳಿಯಿತು, ಮುಖವೇ ಕಾಣಲಿಲ್ಲ.

"ಇದು ಟೋಪಿಯಾ, ಗೋಣಿಚೀಲವಾ?" ಎಂದು ಕೂಗಿಬಿಟ್ಟೆ. "ಬಿಚ್ಚಿ ಚಿಕ್ಕದು ಮಾಡಿ."

"ತವರಿನ ಅಳತೆ ಬಿಚ್ಬಾರ್ದು ಕಣಮ್ಮ," ಎಂದರು ಗಿರಿಜಮ್ಮ. "ಬಿಚ್ಚಿದ್ರೆ ಕೂಸಿಗೆ ಒಳ್ಳೇದಲ್ಲ."

ಬಳಗದಲ್ಲಿದ್ದ ತರೀಕೆರೆಯ ನೂರ್‌ಜಹಾನ್ ಬಿ ಮಾತ್ರ ಸಿಡುಕಿದರು. "ಅರೆ ಗಿರಿಜಮ್ಮ, ಶಾಸ್ತ್ರ ಆಮೇಲೆ ಹೇಳ್ರೀ! ಬಿಚ್ಚೋದ್ ಬ್ಯಾಡ, ಮಡಚ್ರಲ್ಲ!"

ಅವರೇ ಅಂಚನ್ನು ಮಡಚಿದರು. ಮತ್ತೆ ಮಡಚಿದರು. ಮೂರು ಮಡಿಕೆ ಆದ ಮೇಲೆ ಮಗನ ಮೂಗು ಕಂಡಿತು. ಕಿವಿಯ ಮೇಲೆ ಹಾಸಿಗೆಯಷ್ಟು ದಪ್ಪ ಉಲ್ಲನ್ ಕೂತಿತ್ತು.

ಮಗ ಉಳಿದ. ಉಳಿಸಿದ್ದು ಡಾಕ್ಟರ ದೀಪ. ಬಳಗದವರು ಮಾತ್ರ ನಮ್ಮ ಕುಲಾವಿ ಒಂದು ಜೀವ ಉಳಿಸಿತು ಎಂದು ವಾಟ್ಸಾಪಿನಲ್ಲಿ ಹಾಕಿಕೊಂಡರು, ನನ್ನ ಕೆದರಿದ ತಲೆಯ ಫೋಟೊ ಸಮೇತ. ಆ ಬಡಾಯಿ ಕಂಡರೆ ಇಂದಿಗೂ ನನಗೆ ಅಸಹ್ಯ. ಆದರೆ ಗಂಡ ಕಡಲಿನಲ್ಲಿದ್ದಾಗ, ಅಮ್ಮ ಗಂಗೊಳ್ಳಿಯಿಂದ ಬಂದು ಮುಟ್ಟುವವರೆಗೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಸರದಿಯಲ್ಲಿ ಕೂತವರೂ ಅವರೇ. ನೂರ್‌ಜಹಾನ್ ಬಿ ಡಬ್ಬಿಯಲ್ಲಿ ಮೀನು ಸಾರು ತಂದಾಗ ಗಿರಿಜಮ್ಮ ಮೂಗು ಮುಚ್ಚಿಕೊಂಡು ತಟ್ಟೆ ತೊಳೆದುಕೊಟ್ಟರು. ಇದನ್ನು ಬರೆಯದಿದ್ದರೆ ನಾನು ಸುಳ್ಳಿಯಾಗುತ್ತೇನೆ.

ಆಮೇಲೆ ಭಾನುವಾರದ ಸಭೆಗೆ ಹೊಸದೊಂದು ಕಾರ್ಯಕ್ರಮ ಸೇರಿತು. ಪ್ರಾರ್ಥನೆ ಮುಗಿದೊಡನೆ ಎಲ್ಲರೂ ನನ್ನ ಮಗನ ತಲೆ ನೋಡುವುದು, ಮಡಿಕೆ ಒಂದು ಕಡಿಮೆಯಾದ ವಾರ ಚಪ್ಪಾಳೆ ತಟ್ಟುವುದು. ಇಂಥ ಮೂರ್ಖತನವನ್ನು ನಾನೆಲ್ಲೂ ಕಂಡಿಲ್ಲ. ಆದರೂ ಭಾನುವಾರ ಬೇಗ ಅವನಿಗೆ ಸ್ನಾನ ಮಾಡಿಸಿ ಜಗಲಿಗೆ ತರುತ್ತಿದ್ದೆ.

ಅವನಿಗೆ ವರ್ಷ ತುಂಬಿದ ಮೇಲೆ, ಈ ಜನವರಿಯಲ್ಲಿ, ಅವನನ್ನು ಕರೆದುಕೊಂಡು ಗಂಗೊಳ್ಳಿಗೆ ಹೋದೆ. ಅಜ್ಜಂಪುರ ಬಿಡುವಾಗ ಬೆಳಗಿನ ಥಂಡಿ. ಕುಲಾವಿ ತೊಡಿಸಿದ್ದೆ, ಒಂದು ಮಡಿಕೆ ಇನ್ನೂ ಉಳಿದಿತ್ತು. ಘಟ್ಟ ಇಳಿದ ಮೇಲೆ ತೆಗೆಯಲು ನೆನಪಾಗಲಿಲ್ಲ. ಅಮ್ಮ ಬಾಗಿಲಲ್ಲೇ ಅದನ್ನು ಕಿತ್ತು ಅಡುಗೆಮನೆಯ ಕಟ್ಟೆಯ ಮೇಲೆ ಎಸೆದಳು.

"ಎಂತ ಮರಾಯ್ತಿ, ಈ ಸೆಕಿಗೆ ಮಗಿನ್ ತಲಿಗೆ ಉಲ್ಲನ್ನಾ? ಬೇಗ ವರ್ಗ ಮಾಡ್ಸ್‌ಕಂಡ್ ಬಾ."

"ನೋಡುವ," ಎಂದೆ.

ಕಟ್ಟೆಯ ಮೇಲೆ ಹಿಂದಿನ ಮರದ ಕಾಯಿಗಳಿದ್ದವು. ಅಮ್ಮ ಅತ್ತ ತಿರುಗಿದಾಗ ಕುಲಾವಿಯ ಕೊನೆಯ ಮಡಿಕೆ ಬಿಡಿಸಿ ಒಂದು ಕಾಯಿಗೆ ತೊಡಿಸಿದೆ. ಒಂದು ಕುಣಿಕೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂತಿತು. ಇಷ್ಟು ಚೆನ್ನಾಗಿ ಹೆಣೆದಿದ್ದಾರಲ್ಲ, ದರಿದ್ರದವರು ಎಂದು ಬೈದುಕೊಂಡು ಲಾಡಿಯನ್ನೂ ಕಟ್ಟಿದೆ.

ಸಾರಿಗೆ ಅರೆಯಲು ಅಮ್ಮ ಆ ಕಾಯಿಗೇ ಕೈ ಹಾಕಿದಳು.

"ಅದು ಬೇಡ," ಎಂದೆ. "ಬೇರೆ ಒಡಿ."